ಕಂಪ್ಯೂಟರಿನ ಪೋಡಿ

"ಮೆಲ್ಲಗೆ ಇಳಿಯೋ, ಅದು ಭತ್ತದ ಮೂಟೆ ಅಲ್ಲ!" ಎಂದು ದೀಪಶ್ರೀ ಕೂಗುವಷ್ಟರಲ್ಲಿ ಅವಳ ತಮ್ಮ ಈಶ್ವರ, ಕಂಬಳಿ ಸುತ್ತಿದ ಡಬ್ಬವನ್ನು ಎದೆಗವಚಿಕೊಂಡು ಶಿಕಾರಿಪುರದಲ್ಲಿ ಸೊರಬದ ಬಸ್ಸಿನಿಂದ ಇಳಿದಾಗಿತ್ತು.

"ಗೊತ್ತು ಮಾರಾಯ್ತಿ. ಇದಕ್ಕೂ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂರ್ಸಿದ್ದೆ." ಸೊರಬದಲ್ಲಿ ಎರಡು ವರ್ಷ ಇದ್ದದ್ದಕ್ಕೆ 'ಮಾರಾಯ್ತಿ' ಅವನ ಬಾಯಿಗೆ ಹತ್ತಿತ್ತು.

ಕಂಪ್ಯೂಟರು ಒಂದೇ, ಮಕ್ಕಳು ಇಬ್ಬರು. ಸರ್ವೆ ಕೆಲಸದಲ್ಲಿ ಮೂವತ್ತು ವರ್ಷ ಊರೂರ ಹೊಲಗಳಲ್ಲಿ ಅಳತೆಯ ಸರಪಳಿ ಎಳೆಸಿ ನಿವೃತ್ತರಾದ ಅಪ್ಪ ಸದಾಶಿವಪ್ಪ, ಕೆರೆ ನೀರಿಗೆ ಪಾಳಿ ಹಾಕಿದ ಹಾಗೆ ಅದಕ್ಕೂ ಪಾಳಿ ಹಾಕಿದ್ದರು. ಸೋಮವಾರದಿಂದ ಬುಧವಾರದವರೆಗೆ ಶಿಕಾರಿಪುರದಲ್ಲಿ ಮಗಳ ಟೈಪಿಂಗ್ ಅಂಗಡಿಗೆ, ಆಮೇಲಿನ ಮೂರು ದಿನ ಸೊರಬದಲ್ಲಿ ಮಗನ ಕಂಪ್ಯೂಟರ್ ಕ್ಲಾಸಿಗೆ. ಟಿವಿಯಂಥ ಮಾನಿಟರು ಮಾತ್ರ ಎರಡೂ ಊರಿನಲ್ಲಿ ಒಂದೊಂದು ಇತ್ತು. ಎಂಟು ತಿಂಗಳು ಪಾಳಿ ತಕರಾರಿಲ್ಲದೆ ನಡೆದಿತ್ತು.

ಎರಡು ವಾರದ ಹಿಂದಿನ ಪಾಳಿಯಲ್ಲಿ ಈಶ್ವರ, ಕ್ಲಾಸಿನ ಹುಡುಗರು ಕೇಳುತ್ತಾರೆಂದು, ಅದರಲ್ಲಿದ್ದ ಡಾಸ್ ಎಂಬ ಹಳೆಯ ಸಾಫ್ಟ್‌ವೇರನ್ನು ತೆಗೆಸಿ ವಿಂಡೋಸ್ ತೊಂಬತ್ತೈದು ಹಾಕಿಸಿಬಿಟ್ಟ. ಕಳೆದ ಸೋಮವಾರ ದೀಪಶ್ರೀ ಸ್ವಿಚ್ ಒತ್ತಿದರೆ ಮೋಡದ ಚಿತ್ರ ಬಂತು, ಅವಳ ಡಾಸಿನ ಕನ್ನಡ ಬರಲಿಲ್ಲ. ಆ ಹಳೆಯ ಕನ್ನಡಕ್ಕೆ ಹೊಸದರ ಸಹವಾಸವೇ ಆಗದು. ಬೆನಕಪ್ಪನವರ ಮಗಳ ಲಗ್ನಪತ್ರಿಕೆ ಅವಳ ಕೈತಪ್ಪಿ ಬೇರೆ ಪ್ರೆಸ್ಸಿಗೆ ಹೋಯಿತು. ಗಂಡನ ಮನೆ ಬಿಟ್ಟು ಬಂದು ಏಳು ವರ್ಷ. ನನ್ನದು ಅಂತ ಅವಳು ಬೀಗ ಹಾಕುತ್ತಿದ್ದದ್ದು ಆ ಅಂಗಡಿಯೊಂದಕ್ಕೇ.

ಅದಕ್ಕೇ ಇವತ್ತು ಶಿವಮೊಗ್ಗದಿಂದ ತಿಪ್ಪೇಶನನ್ನು ಕರೆಸಿದ್ದರು. ಕಂಪ್ಯೂಟರ್ ರಿಪೇರಿ ಕಲಿತವನು. ಅವನ ಅಪ್ಪ ಇನ್ನೂ ಕುರಿ ಮೇಯಿಸುತ್ತಾನೆ. ಅಂಗಡಿಯಲ್ಲಿ ಡಬ್ಬ ಬಿಚ್ಚಿದವನೇ, "ಎರಡು ಮಂದೆ ಕುರಿ ಒಂದೇ ದೊಡ್ಡಿಗೆ ತುಂಬಾಕೆ ಹೋದ್ರೆ ಹಿಂಗೇ ಆಗೋದು ಅಕ್ಕಾರೇ," ಎಂದ. "ನಡುವೆ ಬೇಲಿ ಹಾಕಿಬಿಡಾಣ. ಸ್ವಿಚ್ ಹಾಕಿದ ಕೂಡ್ಲೇ ಅದೇ ಕೇಳತೈತೆ, ಡಾಸೋ ವಿಂಡೋಸೋ ಅಂತ. ಬೇಕಾದ್ದು ಒತ್ತಿದ್ರಾತು."

"ಪೋಡಿ ಮಾಡೋದು ಅನ್ನು," ಸದಾಶಿವಪ್ಪ ಕುರ್ಚಿ ಹತ್ತಿರ ಎಳೆದುಕೊಂಡರು. ಒಂದು ಸರ್ವೆ ನಂಬರಿನ ಜಮೀನನ್ನು ಅಳೆದು ಎರಡು ಮಾಡುವುದೆಂದರೆ ಅವರಿಗೆ ಹೋಳಿಗೆ ಊಟ.

ಬೇಕಾದ್ದನ್ನೆಲ್ಲ ಫ್ಲಾಪಿಗಳಿಗೆ ತುಂಬಿಕೊಂಡು ತಿಪ್ಪೇಶ ಡಿಸ್ಕನ್ನು ಪೂರ್ತಿ ಅಳಿಸಿದ. "ಒಟ್ಟು ಸಾವಿರದಿನ್ನೂರು ಎಂಬಿ ಜಾಗ ಐತ್ರೀ. ಯಾರಿಗೆ ಎಷ್ಟು?"

"ಅಕ್ಕಂಗೆ ನೂರು ಹಾಕು," ಎಂದ ಈಶ್ವರ. "ಅವಳ ಸಾಫ್ಟ್‌ವೇರು ಇಪ್ಪತ್ತು ಎಂಬಿನೂ ಇಲ್ಲ. ನೂರರಲ್ಲಿ ನೂರು ವರ್ಷ ಟೈಪ್ ಮಾಡ್ತಾಳೆ."

ಲೆಕ್ಕ ಸರಿಯಾಗಿಯೇ ಇತ್ತು. ತಿಪ್ಪೇಶ ನಗುತ್ತ ಕೀಲಿಮಣೆಯ ಮೇಲೆ ಬೆರಳಿಟ್ಟ.

"ಅರ್ಧ," ಎಂದಳು ದೀಪಶ್ರೀ.

"ಏನು?" ಈಶ್ವರ ಅವಳತ್ತ ತಿರುಗಿದ.

"ನಂಗೆ ಅರ್ಧ ಬೇಕು. ಆರುನೂರು."

"ಅಷ್ಟರಲ್ಲಿ ಏನ್ ತುಂಬ್ತೀಯೇ?"

"ಗೊತ್ತಿಲ್ಲ."

"ಗೊತ್ತಿಲ್ದೇ ಇದ್ದದ್ದಕ್ಕೆ ಅರ್ಧ ಯಾಕೆ? ಇವತ್ತು ಇದು ಅಂತೀಯ, ನಾಳೆ..." ಈಶ್ವರ ಅಲ್ಲಿಗೇ ನಿಲ್ಲಿಸಿದ.

ಅಪ್ಪನ ಹೆಸರಿನಲ್ಲಿದ್ದ ಕೆರೆ ಕೆಳಗಿನ ನಾಲ್ಕೆಕರೆ ಗದ್ದೆಯ ಮಾತನ್ನು ಅವಳೆದುರು ಯಾರೂ ಎತ್ತಿದವರಲ್ಲ. ಅವಳೂ ಕೇಳಿದವಳಲ್ಲ. ಅದು ಈಶ್ವರನಿಗೆ ಅಂತ ಎಲ್ಲರೂ ತಿಳಿದಿದ್ದರು, ಅಷ್ಟೆ.

ತಿಪ್ಪೇಶ ಮೂವರ ಮುಖವನ್ನೂ ನೋಡಿದ. "ನಾ ಒಂದು ಚಾ ಕುಡಿದು ಬರ್ಲೇನ್ರೀ?"

"ಕೂತ್ಕಳೋ. ಅಳತೆ ನಡುವೆ ಅಳೆಯೋನು ಎದ್ದು ಹೋಗಬಾರ್ದು." ಸದಾಶಿವಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಎಷ್ಟು ಬಿತ್ತುತಾರೆ ಅಂತ ನೋಡಿ ಹಿಸ್ಸೆ ಅಳೀತಾರೇನೋ ಈಶ್ವರಾ? ಬೀಳು ಬಿಟ್ರೂ ಅವರ ಭಾಗ ಅವರದ್ದೇ."

"ಅಪ್ಪಾಜಿ, ಇದು ಕಂಪ್ಯೂಟರು."

"ನಾನೂ ಕಂಪ್ಯೂಟರಿಂದೇ ಹೇಳ್ತಿರೋದು."

ಈಶ್ವರ ಗೋಡೆಯ ಕ್ಯಾಲೆಂಡರನ್ನು ಓದುವವನ ಹಾಗೆ ಅತ್ತ ತಿರುಗಿದ. "ಹಾಕೋ ಮಾರಾಯ, ಅರ್ಧ ಹಾಕು," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬರುವಾಗ ನಾಲ್ಕು ಲೋಟ ಚಾ ತಂದ. ಅಕ್ಕನದಕ್ಕೆ ಸಕ್ಕರೆ ಕಡಿಮೆ ಹಾಕಿಸಿದ್ದ.

ಮಧ್ಯಾಹ್ನದ ಹೊತ್ತಿಗೆ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡಿದವು. ದೀಪಶ್ರೀ ತನ್ನ ಸಾಲನ್ನು ಒತ್ತಿದಳು. ಕನ್ನಡ ಬಂತು. ತಿಪ್ಪೇಶ ಹೇಳಿಕೊಟ್ಟ ಇನ್ನೊಂದು ಪದ ಹೊಡೆದಾಗ ತಳದಲ್ಲಿ ಉದ್ದದ ಅಂಕಿಯೊಂದು ಬಂದು ನಿಂತಿತು.

"ಅದೇನಮ್ಮ?"

"ಖಾಲಿ ಇರೋ ಜಾಗ ಅಪ್ಪಾಜಿ. ನನ್ನ ಕಡೇದು."

"ಇಷ್ಟೂನಾ?"

"ಹೂಂ. ಇಷ್ಟೂ."

ಸದಾಶಿವಪ್ಪ ಅಂಗಿಯ ಜೇಬಿನಿಂದ ಹಳೆಯ ಅಳತೆ ಪುಸ್ತಕವನ್ನೂ ಪೆನ್ಸಿಲನ್ನೂ ತೆಗೆದರು. ಒಂದು ಚೌಕ ಎಳೆದು ನಡುವೆ ಗೆರೆ ಹಾಕಿದರು. ಬಲಗಡೆ ಮಗನ ಹೆಸರು, ಅದರ ಮುಂದೆ ತಂದೆಯೆಂದು ತಮ್ಮದೇ ಹೆಸರು ಬರೆದರು. ಎಡಗಡೆ 'ದೀಪಶ್ರೀ' ಎಂದು ಬರೆದು, ಹೆಂಗಸರ ಹೆಸರಿಗೆ ಗಂಡನ ಹೆಸರು ಸೇರಿಸುವ ದಫ್ತರದ ರೂಢಿಯಂತೆ ಮುಂದೆ 'ಕೋಂ' ಎಂದು ಬರೆದವರು, ಪೆನ್ಸಿಲು ಎತ್ತಿ ಹಿಡಿದು ಕುಳಿತರು. ಆಮೇಲೆ ಪೆನ್ಸಿಲನ್ನು ತಿರುಗಿಸಿ, ಹಿಂದಿನ ರಬ್ಬರಿನಿಂದ ಆ 'ಕೋಂ' ಪದವನ್ನು ಉಜ್ಜಿ ಅಳಿಸಿದರು. ಅದೇ ಜಾಗದಲ್ಲಿ, ಮಗನಿಗೆ ಬರೆದ ಹಾಗೇ, ತಮ್ಮದೇ ಹೆಸರು ಬರೆದರು.

ಪುಟದ ಮೇಲೆ ರಬ್ಬರಿನ ಪುಡಿ ಉಳಿದಿತ್ತು. ದೀಪಶ್ರೀ ಬಾಗಿ ಅದನ್ನು ಮೆಲ್ಲಗೆ ಊದಿದಳು.