ನೂರಕ್ಕೆ ನೂರಿಪ್ಪತ್ತೇಳು

ದಿನಕ್ಕೆ ಇಪ್ಪತ್ತೇಳು. ವರ್ಷಕ್ಕೆ ಮುನ್ನೂರು ದಿನದ ಕೆಲಸವೆಂದರೆ ಎಂಟು ಸಾವಿರದ ನೂರು. ಅದನ್ನು ಒಂಬತ್ತರಿಂದ ಗುಣಿಸಿ, ಸಣ್ಣ ಯಜಮಾನ ಕಾಗದವನ್ನು ಅವಳ ಕಡೆ ತಿರುಗಿಸಿದ. ಎಪ್ಪತ್ತೆರಡು ಸಾವಿರದ ಒಂಬೈನೂರು ಸಾಬೂನು.

"ಇಷ್ಟೂ ಎಲ್ಲಿಗೆ ಹೋಯ್ತಕ್ಕ?"

ಒಂಬತ್ತು ವರ್ಷದಿಂದ ಅಚ್ಚಿಗೆ ಸಾಬೂನು ಹುಯ್ಯುತ್ತಿದ್ದ ಅವಳನ್ನು ಆ ಪುಟ್ಟ ಕಾರ್ಖಾನೆಯಲ್ಲಿ ಎಲ್ಲರೂ ಅಚ್ಚಿನಕ್ಕ ಎಂದೇ ಕರೆಯುತ್ತಿದ್ದರು. ದಿನಕ್ಕೊಂದು ಹಂಡೆ ಪಾಕ, ಹಂಡೆಗೆ ನೂರು ಬಿಲ್ಲೆ. ದೊಡ್ಡ ಯಜಮಾನರ ಕಾಲದಿಂದ ಅದೇ ಲೆಕ್ಕ. ಅವರು ಮಂಡಿನೋವಿನಿಂದ ಮನೆ ಹಿಡಿದ ಮೇಲೆ ಮಗ ಬಂದು, ಚೌಕದ ಅಚ್ಚುಗಳನ್ನು ತೆಗೆಸಿ ದುಂಡನೆಯವನ್ನು ತರಿಸಿದ. ಅಗಲ ಅದೇ ಆರು ಸೆಂಟಿಮೀಟರ್, ಎತ್ತರ ಅದೇ ಮೂರು. ಸ್ಕೇಲಿಟ್ಟು ತಾನೇ ನೋಡಿದ್ದ. ಅದೇ ಹಂಡೆಯ ಪಾಕ ಈ ದಿನ ನೂರಿಪ್ಪತ್ತೇಳು ಬಿಲ್ಲೆ ಕೊಟ್ಟಿತು. ಹಾಗಾದರೆ ಇಷ್ಟು ವರ್ಷ ಆ ಇಪ್ಪತ್ತೇಳು ಯಾರ ಪಾಲಾಗುತ್ತಿತ್ತು?

"ನಮ್ಮನೆ ಇರೋದೇ ಒಂದೂವರೆ ಕೋಣೆ. ಅಷ್ಟು ಸಾಬೂನು ಒಟ್ಟಿದ್ರೆ ನಾವು ಮಲಗೋದೆಲ್ಲಿ ಯಜಮಾನ್ರೇ?"

ಮೂಲೆಯಲ್ಲಿ ಬಿಲ್ಲೆಗಳಿಗೆ ಕಾಗದ ಸುತ್ತುತ್ತಿದ್ದ ಮುದುಕ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ನಟಿಸಿದ. ಸಣ್ಣ ಯಜಮಾನ ನಗಲಿಲ್ಲ.

"ನಾಳೆ ಬೆಳಿಗ್ಗೆ ಉತ್ತರ ಹೇಳಿ. ಇಲ್ಲಾಂದ್ರೆ ಕೆಲಸಕ್ಕೆ ಬರೋದು ಬೇಡ."

ಮನೆಯಲ್ಲಿ ಎಂಟನೇ ತರಗತಿಯ ಮಗಳು ಗಣಿತದ ಪುಸ್ತಕ ಹರವಿಕೊಂಡು ಕೂತಿದ್ದಳು. ತಾಯಿ ಹೇಳಿದ್ದೆಲ್ಲ ಕೇಳಿ, "ಇದೇ ಪಾಠ ನಡೀತಿರೋದು ನಮಗೆ. ಚೌಕದ್ದು ಪಟ್ಟಕ, ದುಂಡಗಿರೋದು ಸಿಲಿಂಡರ್. ಪಾದದ ವಿಸ್ತೀರ್ಣಕ್ಕೆ ಎತ್ತರ ಗುಣಿಸಿದ್ರೆ ಘನಫಲ" ಎಂದು ಪೆನ್ಸಿಲ್ ತೆಗೆದುಕೊಂಡಳು. ಚೌಕದ್ದು ನೂರೆಂಟು ಬಂತು. ದುಂಡನೆಯದು ಮುನ್ನೂರ ಮೂವತ್ತೊಂಬತ್ತು. ಮಗಳ ಮುಖ ಸಣ್ಣಗಾಯಿತು.

ಅಚ್ಚಿನಕ್ಕನಿಗೆ ಲೆಕ್ಕ ತಿಳಿಯದು, ಬಿಲ್ಲೆ ತಿಳಿಯುತ್ತಿತ್ತು. "ಅದ್ಹೆಂಗೆ ದೊಡ್ಡದಾಗುತ್ತೆ? ದುಂಡನೆ ಬಿಲ್ಲೆನ ಚೌಕದ ಅಚ್ಚಲ್ಲಿಟ್ರೆ ಒಳಗೇ ಗಿರ್ರನೆ ತಿರುಗುತ್ತೆ. ಸುತ್ತ ಇನ್ನೂ ಜಾಗ ಇರುತ್ತೆ."

ಮಗಳು ನಾಲಿಗೆ ಕಚ್ಚಿಕೊಂಡಳು. "ಆರು ವ್ಯಾಸ ಅಲ್ವಾ. ತ್ರಿಜ್ಯ ಮೂರು ತಗೋಬೇಕಿತ್ತು." ಅಳಿಸಿ ಮತ್ತೆ ಮಾಡಿದಳು. ಈ ಸಲ ಬಂದದ್ದು ಹತ್ತಿರ ಹತ್ತಿರ ಎಂಬತ್ತೈದು. ನೂರು ಚೌಕದ ಪಾಕವನ್ನು ಎಂಬತ್ತೈದರಿಂದ ಭಾಗಿಸಿದಳು. ನೂರಿಪ್ಪತ್ತೇಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಹಂಗಾದ್ರೆ ನಾನು ಕದ್ದಿದ್ದು ನಾಲ್ಕು ಮೂಲೆ" ಎಂದಳು ತಾಯಿ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಅವಳು ಮಗಳ ಲೆಕ್ಕದ ಹಾಳೆಯನ್ನು ಒಯ್ಯಲಿಲ್ಲ. ಮಗಳು ತಾಯಿ ಪರ ಬರೆಯದೆ ಇನ್ನೇನು ಬರೆದಾಳು ಎಂದಾರು. ಎರಡೂ ಅಚ್ಚುಗಳನ್ನೂ ಒಂದು ಚೊಂಬು ನೀರನ್ನೂ ಮೇಜಿನ ಮೇಲಿಟ್ಟಳು.

"ದುಂಡನೆಯದನ್ನ ತುಂಬ್ಸಿ ಚೌಕಕ್ಕೆ ಹುಯ್ಯಿ. ನಾನು ಮುಟ್ಟಲ್ಲ."

ಅವನು ಕಂಠದವರೆಗೆ ತುಂಬಿಸಿ ಹುಯ್ದ. ನೀರು ಚೌಕದಲ್ಲಿ ಮುಕ್ಕಾಲಿಗಿಂತ ತುಸು ಮೇಲೆ ಬಂದು ನಿಂತಿತು. ಚೆಲ್ಲಿ, ಒರೆಸಿ, ಇನ್ನೊಮ್ಮೆ ಹುಯ್ದ. ಅಲ್ಲಿಗೇ ನಿಂತಿತು. ಅವನ ಕಿವಿ ಕೆಂಪಾದವು.

"ಬಿ.ಕಾಂ. ಓದಿದ್ದೀನಕ್ಕ ನಾನು" ಎಂದ, ಯಾರ ಮೇಲೋ ದೂರು ಹೇಳುವವನಂತೆ.

"ಓದಿರ್ತೀರಿ. ಅಚ್ಚು ತೊಳ್ದಿಲ್ಲ."

"ತಪ್ಪಾಯ್ತು. ಎಲ್ಲರ ಮುಂದೆ ಕೇಳ್ದೆ, ಎಲ್ಲರ ಮುಂದೇನೇ ಹೇಳ್ತಿದ್ದೀನಿ."

ಮುದುಕ ಈ ಬಾರಿ ನಿಜವಾಗಿಯೇ ಕೆಮ್ಮಿದ. ಅಚ್ಚಿನಕ್ಕ ಸೆರಗು ಬಿಗಿದು ಒಲೆಯ ಕಡೆ ನಡೆದಳು. ದುಂಡನೆಯ ಅಚ್ಚುಗಳನ್ನು ಸಾಲಾಗಿ ಜೋಡಿಸಿದಳು. ಆ ದಿನ ಹಾಳಾದದ್ದು ಒಂದು ಗಂಟೆಯ ಕೆಲಸ. ಒಂಬತ್ತು ವರ್ಷದ ಒಳ್ಳೆಯ ಹೆಸರು ಅವಳದಾಗಿಯೇ ಉಳಿಯಿತು.