ಮೋಷೆಯ ಮಗಳಿಗೆ ನೀರು

ಪೆರ್ಲಾ ಸತ್ತವಳ ಉಗುರುಗಳ ಸಂದಿಯನ್ನು ಕಡ್ಡಿಯಿಂದ ಶುಚಿ ಮಾಡುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಕೈ ಒರೆಸಿಕೊಂಡು ಸ್ವಲ್ಪವೇ ತೆರೆದಳು. ಸತ್ತವಳ ಮಗಳು ನೆಹಾಮಾ ಒಂದು ಚೀಟಿ ಹಿಡಿದು ನಿಂತಿದ್ದಳು.

“ಅಮ್ಮನ ಹೆಸರು ಬರ್ಕೊಂಡು ಬಂದೆ ಚಿಕ್ಕಮ್ಮ. ಮೋಷೆಯ ಮಗಳು ಫ್ರೇಡಾ. ತಪ್ಪಾಗ್ಬಾರ್ದಲ್ವಾ?”

“ಮೂವತ್ತು ವರ್ಷದ ಗೆಳತಿ ಕಣೇ. ನಂಗೊತ್ತಿಲ್ವಾ?”

“ಹೊರಗೆ ನಲವತ್ತು ಸ್ಕೂಲ್ ಮಕ್ಕಳು ಬಂದಿದಾರೆ, ಎಲ್ರ ಕೈಯಲ್ಲೂ ಅಮ್ಮ ತನ್ನ ಬಗ್ಗೆ ಬರೆದ ಪುಸ್ತಕ. ಯುದ್ಧ ಮುಗಿದ್ಮೇಲೆ ಅಮ್ಮನ ಚಿಕ್ಕಪ್ಪ ಬಂದು ಅವಳನ್ನ ಸಿಸ್ಟರ್‌ಗಳ ಕಾನ್ವೆಂಟಿಂದ ಕರ್ಕೊಂಡು ಹೋಗ್ತಾರಲ್ಲ, ಆ ಪುಟ ಓದ್ತಾರಂತೆ.”

ಬಾಗಿಲು ಮುಚ್ಚಿದ ಮೇಲೆ, ಜೊತೆಗೆ ಶವ ತೊಳೆಯಲು ಬಂದಿದ್ದ ಬ್ಲೂಮಾ ಪಿಸುಗುಟ್ಟಿದಳು. “ಆ ಪುಟ ಓದಿ ನನ್ನ ಗಂಡನೂ ಅತ್ತಿದ್ದ. ನನ್ನ ಆಪರೇಷನ್ ಆದಾಗ ಒಂದು ಹನಿ ಉದುರಿಸ್ದೇ ಇದ್ದೋನು!”

“ಇಲ್ಲಿ ಹರಟೆ ಕೂಡದು, ಬ್ಲೂಮಾ.”

ಎಲ್ಲ ಮುಗಿದ ಮೇಲೆ ಸತ್ತವಳನ್ನು ತಂದೆಯ ಹೆಸರಿನೊಂದಿಗೆ ಕರೆದು, ನಮ್ಮ ಕೈಯಿಂದ ತಪ್ಪಾಗಿದ್ದರೆ ಕ್ಷಮಿಸು ಎಂದು ಕೇಳಬೇಕು. ಚೀಟಿಯಲ್ಲಿದ್ದ ಹೆಸರು ಇವಳದಲ್ಲ. ಅದು ಗೊತ್ತಿದ್ದವಳು ಪೆರ್ಲಾ ಒಬ್ಬಳೇ.

*

ಎರಡು ವರ್ಷದ ಹಿಂದೆ ಪೆರ್ಲಾ, ಈ ಗೆಳತಿ ಇಬ್ಬರೂ ಕೂತು ಹೆಣದ ಬಟ್ಟೆ ಹೊಲಿಯುತ್ತಿದ್ದರು. ದಾರಕ್ಕೆ ಗಂಟು ಹಾಕುವಂತಿಲ್ಲವಾದ್ದರಿಂದ ಕಣ್ಣು ಹೊಲಿಗೆಯ ಮೇಲೇ ಇರಬೇಕು. ತಲೆ ಎತ್ತದೆಯೇ ಗೆಳತಿ ಹೇಳಿದ್ದಳು.

“ಫ್ರೇಡಾ ನಾನಲ್ಲ ಪೆರ್ಲಾ. ಅವಳು ಕಾನ್ವೆಂಟಲ್ಲಿ ನನ್ನ ಪಕ್ಕದ ಮಂಚದ ಹುಡುಗಿ. ನಾಜಿಗಳು ಸೋಲೋಕೆ ಮುಂಚಿನ ಚಳಿಗಾಲದಲ್ಲಿ ಗಂಟಲುಮಾರಿ ಬಂದು ಹೋಗ್ಬಿಟ್ಳು. ಅವಳಿಗೆ ಎಂಟು ವರ್ಷ. ಬಚ್ಚಿಡೋಕೆ ಅಂತ ಸಿಸ್ಟರ್‌ಗಳು ಇಟ್ಟಿದ್ದ ಕ್ರೈಸ್ತರ ಹೆಸರಲ್ಲೇ ಮಣ್ಣು ಮಾಡಿದ್ರು. ನಮ್ಮ ಯಹೂದಿಯೋರು ಯಾರೂ ಅವಳ ಮೈಗೆ ನೀರು ಹಾಕ್ಲಿಲ್ಲ.”

“ಮತ್ತೆ ನೀನು?”

“ತೌಬಾ. ಹಿರ್ಷನ ಮಗಳು. ನಮ್ಮ ನಿಜವಾದ ಹೆಸರು ಗೊತ್ತಿದ್ದ ದೊಡ್ಡ ಸಿಸ್ಟರ್ ತೀರ್ಕೊಂಡಿದ್ರು. ಆಮೇಲೆ ಅವಳ ಚಿಕ್ಕಪ್ಪ ಬಂದ. ಅವಳನ್ನ ಅವನು ನೋಡಿದ್ದು ಎಳೇ ಮಗುವಾಗಿದ್ದಾಗ. ‘ನಮ್ಮ ಫ್ರೇಡಾ ಯಾರು?’ ಅಂದ. ನಂಗೆ ಅಂತ ಬರೋರು ಯಾರೂ ಉಳಿದಿರ್ಲಿಲ್ಲ. ಕೈ ಎತ್ಬಿಟ್ಟೆ.”

“ಪುಸ್ತಕದಲ್ಲಿ ಬರೀಬಹುದಿತ್ತಲ್ಲೇ.”

“ಸತ್ತ ಹುಡುಗಿ ಮನೇಲಿ ಅವಳ ಹಾಸಿಗೇಲಿ ನಾನು ಮಲಗಿದೆ ಅಂತ ಮಕ್ಕಳಿಗೆ ಹೇಗೆ ಹೇಳ್ಲಿ? ನೆಹಾಮಾಗೆ ತಾನೇ ಹೇಗೆ ಹೇಳ್ಲಿ?” ಎಂದು ಸೂಜಿಗೆ ಹೊಸ ದಾರ ಪೋಣಿಸಿದ್ದಳು. “ನಾಳೆ ನನ್ನ ತೊಳೆಯೋಳು ನೀನೇ. ಏನಂತ ಕರೀತೀಯೋ ನೋಡು.”

*

ಹಲಗೆಯ ಮೇಲಿದ್ದವಳಿಗೆ ಮೂರು ಹೂಜಿ ನೀರನ್ನು ಧಾರೆ ಕಡಿಯದಂತೆ ತಲೆಯಿಂದ ಪಾದದವರೆಗೆ ಸುರಿದರು. ಒರೆಸಿ, ಬಿಳಿಯ ಬಟ್ಟೆ ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಬ್ಲೂಮಾ ಕಾಲ ಬಳಿ, ಪೆರ್ಲಾ ತಲೆಯ ಬಳಿ ನಿಂತರು.

“ಚೀಟಿ ನೋಡ್ಬೇಕಾ?” ಎಂದಳು ಬ್ಲೂಮಾ.

“ಬೇಡ.”

ನಿಜವಾದ ಹೆಸರು ಬ್ಲೂಮಾಳ ಕಿವಿಗೆ ಬಿದ್ದರೆ ಸಂಜೆಯೊಳಗೆ ಆಂಟ್‌ವರ್ಪ್ ಊರಿನ ಬೀದಿಬೀದಿಗೆ ಗೊತ್ತಾಗುತ್ತದೆ. ಹೊರಗಿನ ಮಕ್ಕಳ ಕೈಯಲ್ಲಿರುವುದು ಸುಳ್ಳಿನ ಪುಸ್ತಕವಾಗುತ್ತದೆ. ತಾಯಿಯನ್ನು ಕಳೆದುಕೊಂಡ ದಿನವೇ ನೆಹಾಮಾ ಮೋಷೆ ಎಂಬ ಅಜ್ಜನನ್ನೂ ಕಳೆದುಕೊಳ್ಳುತ್ತಾಳೆ. ಆದರೆ ಫ್ರೇಡಾ ಎಂದು ಕರೆದರೆ, ಇಲ್ಲಿ ಮಲಗಿದವಳ ಕ್ಷಮೆ ಕೇಳಿದಂತೆ ಹೇಗಾಗುತ್ತದೆ?

“ಮೋಷೆಯ ಮಗಳೇ, ಫ್ರೇಡಾ...” ಬ್ಲೂಮಾ ಗಟ್ಟಿಯಾಗಿ ಶುರುಮಾಡಿದಳು. ಪೆರ್ಲಾ ಸತ್ತವಳ ಟೊಪ್ಪಿಗೆಯ ಅಂಚು ಸರಿಪಡಿಸುವವಳಂತೆ ಬಗ್ಗಿ, ತಣ್ಣಗಿನ ಕಿವಿಗೆ ಬೇರೆ ಎರಡು ಹೆಸರು ಹೇಳಿದಳು.

ಗಂಡಸರು ಬಂದು ಪೆಟ್ಟಿಗೆ ಎತ್ತಿದರು. ಹೊರಗೆ ಒಬ್ಬ ಹುಡುಗಿಯ ಓದು ಕೇಳಿಸತೊಡಗಿತು.

“ಬಾರೇ, ಹೊರಟ್ರು,” ಎಂದಳು ಬ್ಲೂಮಾ.

“ನೀ ನಡಿ. ಹಲಗೆ ತೊಳೆದು ಬರ್ತೀನಿ.”

“ಈಗ ತಾನೇ ಒರೆಸಿದ್ವಲ್ಲೇ! ವಯಸ್ಸಾಯ್ತು ನಿಂಗೆ.”

ಒಬ್ಬಳೇ ಆದಾಗ ಪೆರ್ಲಾ ಮೂರು ಹೂಜಿ ತುಂಬಿದಳು. ಒಂದರ ಧಾರೆ ನಿಲ್ಲುವ ಮೊದಲೇ ಇನ್ನೊಂದರದು ಬೀಳುವಂತೆ, ಎರಡೂ ಕೈಯಲ್ಲಿ ಹಿಡಿದು, ಒಣಗಿದ ಬರಿ ಹಲಗೆಯ ಮೇಲೆ ತಲೆಯ ಕಡೆಯಿಂದ ಸುರಿಯುತ್ತ ಬಂದಳು. ಅರ್ಧಕ್ಕೆ ಬಂದು ನಿಲ್ಲಿಸಿದಳು. ಎಂಟು ವರ್ಷದ ಮೈಗೆ ಅಷ್ಟು ಉದ್ದ ಸಾಕಿತ್ತು.