ಟಿಫ್ ಪದಕ್ಕೆ ಅರ್ಥ ಬರೆದದ್ದು

ನಾನು ಇಂಗ್ಲಿಷ್–ಕನ್ನಡ ನಿಘಂಟು ಬರೆಯುವವನು. ನನ್ನ ಹೆಂಡತಿ ಅದರ ಕರಡು ತಿದ್ದುವವಳು. ಇಬ್ಬರಿಗೂ ಒಂದೇ ಮೇಜು. ಒಂದು ದಿನ 'ಟಿಫ್' ಎಂಬ ಪದ ಬಂತು. ಅದರ ಮುಂದೆ 'ಜಗಳ' ಎಂದು ಬರೆದೆ.

"ಇದು ಆಡುಮಾತು ಕಣ್ರೀ. ಬೇಕಾದವರ ಮಧ್ಯೆ ಚಿಕ್ಕದಕ್ಕೆ ಹುಟ್ಟಿ ಬೇಗ ಮುಗಿಯೋ ಮುನಿಸು. ಜಗಳ ಅಂದ್ರೆ ಜಾಸ್ತಿಯಾಯ್ತು" ಎಂದಳು.

"ನಿಘಂಟು ಬರೀತಿರೋದು ನಾನೋ ನೀನೋ?" ಎಂದೆ.

ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿ ಎದ್ದುಹೋದಳು. ಮೂರು ದಿನ ಮಾತಿಲ್ಲ, ಕತೆಯಿಲ್ಲ. ಇಪ್ಪತ್ತು ಸಾವಿರ ಪದಗಳ ಪಂಡಿತನಾದ ನಾನು ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಮಗಳ ಮೂಲಕ ಕೇಳಿಸಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಮುದ್ರಕರು ಫೋನ್ ಮಾಡಿ ಆ ಪುಟ ಕೇಳಿದರು. ಅವಳು ನೋಡದ ಪುಟವನ್ನು ಅಚ್ಚಿಗೆ ಕಳಿಸುವಷ್ಟು ಎದೆಗಾರಿಕೆ ನನಗಿಲ್ಲ. ಹಾಳೆಯನ್ನು ಅವಳ ಮುಂದಿಟ್ಟು ಗಂಟಲು ಸರಿಮಾಡಿಕೊಂಡೆ.

"ನಿನ್ನ ಅರ್ಥವೇ ಸರಿ. ಉದಾಹರಣೆಗೆ ನಮ್ಮದನ್ನೇ ಹಾಕೋಣ್ವಾ?"

ಅವಳು ಕಣ್ಣೆತ್ತದೆ 'ಜಗಳ' ಪದವನ್ನು ಗೆರೆ ಎಳೆದು ಹೊಡೆದುಹಾಕಿದಳು. "ಬೇಡ. ನಮ್ಮದು ಮೂರು ದಿನ ಎಳೀತು. ಅದನ್ನ ಜಗಳ ಅಂತಾನೇ ಕರೀಬೇಕು."

ಆಮೇಲೆ ಕುರ್ಚಿಯನ್ನು ನನ್ನತ್ತ ತಳ್ಳಿ, "ಮುಂದಿನ ಪದ ಓದಿ" ಎಂದಳು.